ಕೈ ಜಿಪಿಎಸ್ ಸಾಧನದ ಮೆಮೊರಿ ಕಾರ್ಡ್: ಅಚ್ಚಾದ ಅಳತೆ, ದಕ್ಕುವ ಜಾಗ

ಚಾರಣಕ್ಕೆಂದು ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನವೊಂದನ್ನು ಕೊಂಡವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಇದಕ್ಕೆ ಎಷ್ಟು ಜಿಬಿಯ ಮೆಮೊರಿ ಕಾರ್ಡ್ ಹಾಕಬೇಕು ಎಂಬುದು. ಮೊಬೈಲಿನ ರೂಢಿಯಲ್ಲಿರುವವರಿಗೆ ಉತ್ತರ ಸುಲಭವೆನಿಸುತ್ತದೆ: ಕೈಗೆಟಕುವ ಬೆಲೆಯಲ್ಲಿ ಸಿಗುವ ಅತಿ ದೊಡ್ಡ ಕಾರ್ಡ್. ಜಿಪಿಎಸ್ ಸಾಧನದ ಮಟ್ಟಿಗೆ ಈ ಉತ್ತರ ಸಲ್ಲುವುದಿಲ್ಲ. ಕಾರ್ಡಿನ ಮೇಲೆ ಅಚ್ಚಾದ ಅಂಕಿ ಒಂದು, ಕಂಪ್ಯೂಟರ್ ತೋರಿಸುವ ಅಂಕಿ ಇನ್ನೊಂದು, ಸಾಧನ ನಿಜವಾಗಿ ಬಳಸಿಕೊಳ್ಳಬಲ್ಲ ಪ್ರಮಾಣ ಮತ್ತೊಂದು. ಈ ಕೊನೆಯದನ್ನು ಬಹುಪಾಲು ಸಂದರ್ಭಗಳಲ್ಲಿ ನಿರ್ಧರಿಸುವುದು ಸಾಧನದೊಳಗಿನ ತಂತ್ರಾಂಶವೇ. ಉದಾಹರಣೆಗಳಿಗೆ ಗಾರ್ಮಿನ್ ಕಂಪನಿಯ ಸಾಧನಗಳನ್ನೇ ತೆಗೆದುಕೊಂಡಿದ್ದೇನೆ. ಚಾರಣಿಗರ ಕೈಯಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಅವನ್ನೇ.

ಕಾರ್ಡ್ ಕೊಳ್ಳುವ ಮೊದಲು ಸಾಧನದಲ್ಲಿ ಅದಕ್ಕೆ ಜಾಗ ಇದೆಯೇ ಎಂದು ನೋಡಿಕೊಳ್ಳಬೇಕು. 2011ರಲ್ಲಿ ಬಂದ ಇಟ್ರೆಕ್ಸ್ ಸರಣಿಯಲ್ಲಿ 20 ಮತ್ತು 30 ಎಂಬ ಮಾದರಿಗಳಿಗೆ ಮೈಕ್ರೋ ಎಸ್‌ಡಿ ಕಾರ್ಡಿನ ಕಿಂಡಿ ಇದೆ. ಹೊರನೋಟಕ್ಕೆ ಅವುಗಳಂತೆಯೇ ಕಾಣುವ ಇಟ್ರೆಕ್ಸ್ 10ಕ್ಕೆ ಇಲ್ಲ. ಕಿಂಡಿ ಇರುವುದು ಬ್ಯಾಟರಿಗಳ ಅಡಿಯಲ್ಲಾದ್ದರಿಂದ ಹಿಂಬದಿಯ ಮುಚ್ಚಳ ತೆಗೆದ ಮಾತ್ರಕ್ಕೆ ಅದು ಕಣ್ಣಿಗೆ ಬೀಳುವುದಿಲ್ಲ, ಎರಡೂ ಸೆಲ್ಲುಗಳನ್ನು ಹೊರತೆಗೆಯಬೇಕು. ಸಾಧನದಲ್ಲೇ ಅಡಕವಾಗಿರುವ ಸಂಗ್ರಹವೂ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ: ಇಟ್ರೆಕ್ಸ್ 20ರಲ್ಲಿ 1.7 ಜಿಬಿ, ಅದರ ನಂತರದ 20ಎಕ್ಸ್‌ನಲ್ಲಿ 3.7 ಜಿಬಿ, 2019ರ 32ಎಕ್ಸ್‌ನಲ್ಲಿ 8 ಜಿಬಿ, ಜಿಪಿಎಸ್‌ಮ್ಯಾಪ್ 66ಎಸ್‌ನಲ್ಲಿ 16 ಜಿಬಿ. ಇದರಲ್ಲಿ ಒಂದಷ್ಟು ಭಾಗವನ್ನು ಕಾರ್ಖಾನೆಯಿಂದಲೇ ತುಂಬಿ ಬಂದ ಮೂಲ ನಕ್ಷೆ ಆಕ್ರಮಿಸಿರುತ್ತದೆ. ಒಂದೆರಡು ಜಿಲ್ಲೆಗಳ ನಕ್ಷೆಯಷ್ಟೇ ಸಾಕೆನ್ನುವವರಿಗೆ ಹೊಸ ಮಾದರಿಗಳಲ್ಲಿ ಕಾರ್ಡಿನ ಅಗತ್ಯವೇ ಬೀಳದಿರಬಹುದು.

32 ಎಂದು ಬರೆದದ್ದು 29.8 ಆಗುವ ಬಗೆ

ಹೊಸ ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದಾಗ 32 ಜಿಬಿಯ ಬದಲು 29.8 ಎಂದು ಕಂಡರೆ ಅಂಗಡಿಯವನು ಮೋಸ ಮಾಡಿದನೆಂದು ಸಿಟ್ಟಾಗುವ ಕಾರಣವಿಲ್ಲ. ಒಂದೇ ರಾಶಿ ಭತ್ತವನ್ನು ಮಾರುವವನು ತನ್ನ ಕೊಳಗದಲ್ಲಿ, ಕೊಳ್ಳುವವನು ತುಸು ದೊಡ್ಡದಾದ ತನ್ನ ಕೊಳಗದಲ್ಲಿ ಅಳೆದಂತೆ ಇದು. ಕಾರ್ಡ್ ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟ್. ವಿಂಡೋಸ್ ಅದೇ ಹೆಸರಿನಲ್ಲಿ ಎಣಿಸುವುದು 2ರ 30ನೇ ಘಾತವನ್ನು, ಅಂದರೆ 107 ಕೋಟಿ 37 ಲಕ್ಷಕ್ಕೂ ಹೆಚ್ಚು ಬೈಟುಗಳನ್ನು. 3200 ಕೋಟಿಯನ್ನು ಈ ದೊಡ್ಡ ಅಳತೆಯಿಂದ ಭಾಗಿಸಿದರೆ 29.8 ಬರುತ್ತದೆ. ಇದೇ ಲೆಕ್ಕದಲ್ಲಿ 8 ಜಿಬಿಯ ಕಾರ್ಡ್ 7.45 ಆಗಿಯೂ, 16 ಜಿಬಿಯದು 14.9 ಆಗಿಯೂ, 64 ಜಿಬಿಯದು 59.6 ಆಗಿಯೂ ಕಾಣಿಸುತ್ತದೆ. ಆ್ಯಪಲ್ ಕಂಪ್ಯೂಟರುಗಳು 2009ರಿಂದ ತಯಾರಕರ ಅಳತೆಯನ್ನೇ ಬಳಸುವುದರಿಂದ ಅವುಗಳಲ್ಲಿ ಅದೇ ಕಾರ್ಡ್ 32ರ ಆಸುಪಾಸಿನಲ್ಲಿಯೇ ಕಾಣುತ್ತದೆ. ಆದುದರಿಂದ ನಕ್ಷೆಯ ಕಡತವೊಂದು ಕಾರ್ಡಿನಲ್ಲಿ ಹಿಡಿಸುತ್ತದೆಯೇ ಎಂದು ನೋಡುವಾಗ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಅಳತೆಯಲ್ಲಿ ಹೋಲಿಸಬೇಕು. ಅನುಮಾನವಿದ್ದರೆ ಪ್ರಾಪರ್ಟೀಸ್ ಕಿಟಕಿಯಲ್ಲಿ ಬೈಟುಗಳ ಪೂರ್ಣ ಸಂಖ್ಯೆಯೇ ಸಿಗುತ್ತದೆ.

ಫಾರ್ಮ್ಯಾಟ್ ಮಾಡಿದಾಗ ಕಡತಗಳ ವಿಳಾಸಪಟ್ಟಿಗೆಂದು ಸ್ವಲ್ಪ ಜಾಗ ಹೋಗುತ್ತದೆ, ಆದರೆ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. 32 ಕೆಬಿಯ ತುಂಡುಗಳಾಗಿ ವಿಂಗಡಿಸಿದ 32 ಜಿಬಿಯ ಕಾರ್ಡಿನಲ್ಲಿ ಸುಮಾರು 9 ಲಕ್ಷ 76 ಸಾವಿರ ತುಂಡುಗಳಿರುತ್ತವೆ. ಪ್ರತಿ ತುಂಡಿಗೆ 4 ಬೈಟಿನಂತೆ ಬರೆದ ಪಟ್ಟಿಯ ಎರಡು ಪ್ರತಿಗಳು ಸೇರಿ 8 ಎಂಬಿಯ ಒಳಗೇ ಮುಗಿಯುತ್ತವೆ. ಜಾಗ ನಿಜವಾಗಿ ಸೋರಿಹೋಗುವುದು ಈ ತುಂಡುಗಳಲ್ಲಿಯೇ. ಒಂದು ಚೀಲದಲ್ಲಿ ಒಂದೇ ಧಾನ್ಯ ಎಂಬ ನಿಯಮವಿದ್ದರೆ ಹಿಡಿಯಷ್ಟು ಮೆಂತ್ಯಕ್ಕೂ ಒಂದು ಚೀಲ ಮೀಸಲಾಗುವಂತೆ, 1 ಕೆಬಿಯ ಕಡತವೂ 32 ಕೆಬಿಯ ಒಂದು ತುಂಡನ್ನು ಪೂರ್ತಿ ಹಿಡಿದುಕೊಳ್ಳುತ್ತದೆ. ಸರಾಸರಿ 4 ಕೆಬಿಯ 5,000 ಸಣ್ಣ ಕಡತಗಳಲ್ಲಿ ಇರುವ ಮಾಹಿತಿ 20 ಎಂಬಿ. ಅವು ಕಾರ್ಡಿನಲ್ಲಿ ನುಂಗುವುದು 160 ಎಂಬಿ. ದೊಡ್ಡ ನಕ್ಷೆಯ ಕಡತ ಒಂದೆರಡೇ ಇರುವವರಿಗೆ ಈ ಚಿಂತೆ ಬೇಡ, ಬಿಡಿಬಿಡಿ ಜಾಡುಗಳನ್ನು ವರ್ಷಗಟ್ಟಲೆ ಕೂಡಿಡುವವರಿಗೆ ಬೇಕು.

ಯಾವ ಜಾತಿಯ ಕಾರ್ಡ್, ಯಾವ ಫಾರ್ಮ್ಯಾಟ್

ಎಸ್‌ಡಿ ಎಂಬ ಒಂದೇ ಹೆಸರಿನ ಕೆಳಗೆ ಹಲವು ಪೀಳಿಗೆಗಳಿವೆ. ಮೊದಲ ಪೀಳಿಗೆಯ ಎಸ್‌ಡಿ ಕಾರ್ಡಿನ ಗರಿಷ್ಠ ಸಾಮರ್ಥ್ಯ 2 ಜಿಬಿ. 2006ರಲ್ಲಿ ರೂಪುಗೊಂಡ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ ಹೋಗುತ್ತದೆ ಮತ್ತು ಅದರ ಕಡತವ್ಯವಸ್ಥೆ, ಅಂದರೆ ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ, ಫ್ಯಾಟ್32. 2009ರ ಎಸ್‌ಡಿಎಕ್ಸ್‌ಸಿ 32 ಜಿಬಿಯಿಂದ ಮುಂದಕ್ಕೆ 2 ಟಿಬಿಯವರೆಗೆ ವ್ಯಾಪಿಸುತ್ತದೆ. ಅದು ಅಂಗಡಿಯಿಂದ ಬರುವುದು ಎಕ್ಸ್‌ಫ್ಯಾಟ್ ಎಂಬ ಬೇರೆಯೇ ಕಡತವ್ಯವಸ್ಥೆಯೊಂದಿಗೆ. ಕೈ ಜಿಪಿಎಸ್ ಸಾಧನಗಳಲ್ಲಿ ಬಹಳಷ್ಟಕ್ಕೆ ಓದಲು ಬರುವುದು ಫ್ಯಾಟ್32 ಮಾತ್ರ. 64 ಜಿಬಿಯ ಹೊಸ ಕಾರ್ಡನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಹಾಕಿದಾಗ ಸಾಧನ ಏನೂ ಆಗದಂತೆ ಸುಮ್ಮನಿರುವುದಕ್ಕೆ ಸಾಮಾನ್ಯ ಕಾರಣ ಇದೇ. ಅಂಥ ಸಂದರ್ಭದಲ್ಲಿ ಕಾರ್ಡ್ ಕೆಟ್ಟಿದೆಯೆಂದು ಹಿಂದಿರುಗಿಸಲು ಹೊರಟವರನ್ನು ನಾನು ಕಂಡಿದ್ದೇನೆ.

ಇಟ್ರೆಕ್ಸ್ ಮತ್ತು ಜಿಪಿಎಸ್‌ಮ್ಯಾಪ್ 64 ಸರಣಿಗಳಿಗೆ ತಯಾರಕರು ಹೇಳುವ ಮಿತಿ 32 ಜಿಬಿ. 64 ಜಿಬಿಯ ಕಾರ್ಡನ್ನು ಫ್ಯಾಟ್32ಗೆ ಬದಲಾಯಿಸಿ ಹಾಕಿದರೆ ಹಲವು ಸಾಧನಗಳು ಅದನ್ನು ಒಪ್ಪಿಕೊಳ್ಳುತ್ತವೆ ಎಂಬುದು ನಿಜವಾದರೂ ಕಾಡಿನ ನಡುವೆ ಕೈಕೊಟ್ಟರೆ ಅದಕ್ಕೆ ಯಾರೂ ಹೊಣೆಯಲ್ಲ; ಮುಂದೆ ವಿವರಿಸುವಂತೆ ಅಷ್ಟು ಜಾಗವನ್ನು ತುಂಬುವುದೂ ಕಷ್ಟವೇ. ನನ್ನ ಸಲಹೆ 8 ಅಥವಾ 16 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡ್, ಸಿಗದಿದ್ದರೆ 32 ಜಿಬಿಯದು. ವೇಗದ ದರ್ಜೆಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ವಿಡಿಯೋ ತೆಗೆಯುವ ಕ್ಯಾಮರಾಕ್ಕೆ ಬೇಕಾದ ವೇಗ ನಕ್ಷೆ ಓದುವುದಕ್ಕೆ ಬೇಡ.

ಫಾರ್ಮ್ಯಾಟ್ ಮಾಡುವ ಕೆಲಸವನ್ನು ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿನಲ್ಲಿ ಮಾಡುವುದು ಒಳ್ಳೆಯದು. 32 ಜಿಬಿಯವರೆಗಿನ ಕಾರ್ಡಾದರೆ ವಿಂಡೋಸ್‌ನಲ್ಲಿ ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ಫಾರ್ಮ್ಯಾಟ್ ಆರಿಸಿ, ಫ್ಯಾಟ್32 ಎಂದು ಸೂಚಿಸಿ, ತುಂಡಿನ ಗಾತ್ರವನ್ನು ಇದ್ದ ಹಾಗೆಯೇ ಬಿಟ್ಟು ಮುಂದುವರಿಯಬಹುದು. ಎಸ್‌ಡಿ ಅಸೋಸಿಯೇಷನ್ ಉಚಿತವಾಗಿ ಕೊಡುವ ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್ ಎಂಬ ತಂತ್ರಾಂಶ ಇದನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ, ಆದರೆ 64 ಜಿಬಿಯ ಕಾರ್ಡನ್ನು ಅದು ನಿಯಮದಂತೆ ಎಕ್ಸ್‌ಫ್ಯಾಟ್ ಆಗಿಯೇ ಸಿದ್ಧಪಡಿಸುತ್ತದೆ ಎಂಬುದು ನೆನಪಿರಲಿ. ಆ್ಯಪಲ್ ಕಂಪ್ಯೂಟರಿನ ಡಿಸ್ಕ್ ಯುಟಿಲಿಟಿಯಲ್ಲಾದರೆ ಎಂಎಸ್-ಡಾಸ್ ಫ್ಯಾಟ್ ಎಂಬುದನ್ನೂ, ಸ್ಕೀಮ್ ಎಂಬಲ್ಲಿ ಮಾಸ್ಟರ್ ಬೂಟ್ ರೆಕಾರ್ಡ್ ಎಂಬುದನ್ನೂ ಆರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಣ ಕೊಟ್ಟು ಕೊಂಡ ನಕ್ಷೆ ತುಂಬಿಯೇ ಬಂದ ಕಾರ್ಡನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬಾರದು. ಅಂಥ ನಕ್ಷೆ ಆ ಕಾರ್ಡಿಗೇ ಬೀಗ ಹಾಕಿದಂತೆ ಕಟ್ಟಿಕೊಂಡಿರುವುದರಿಂದ ಅದರ ಕಡತಗಳನ್ನು ಇನ್ನೊಂದು ಕಾರ್ಡಿಗೆ ನಕಲು ಮಾಡಿದರೆ ಅದು ತೆರೆದುಕೊಳ್ಳುವುದಿಲ್ಲ.

ಕಾರ್ಡಿನ ಪ್ರಾಮಾಣಿಕತೆಯ ಪರೀಕ್ಷೆ

ಮೇಲಿನ ಕೊಳಗದ ಲೆಕ್ಕ ನಿರಪಾಯಕಾರಿ; ನಿಜವಾದ ಮೋಸ ಬೇರೆ ಇದೆ. 4 ಜಿಬಿಯಷ್ಟೇ ಜಾಗವಿರುವ ಕಾರ್ಡನ್ನು 32 ಜಿಬಿಯದೆಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ತಿದ್ದಿ, ಹೆಸರಾಂತ ಕಂಪನಿಯ ಮುದ್ರೆ ಹಾಕಿ ಮಾರುವವರಿದ್ದಾರೆ. ಅಂಥ ಕಾರ್ಡ್ ಮೊದಲ 4 ಜಿಬಿಯವರೆಗೆ ಸರಿಯಾಗಿಯೇ ನಡೆದುಕೊಂಡು, ಆಮೇಲೆ ಬರೆದದ್ದನ್ನು ಹಳೆಯದರ ಮೇಲೆಯೇ ಬರೆಯುತ್ತದೆ ಅಥವಾ ಎಲ್ಲಿಗೂ ಬರೆಯದೆ ಬರೆದೆನೆಂದು ನಟಿಸುತ್ತದೆ. ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಕೊಂಡ ಕಾರ್ಡೊಂದರಿಂದ ನನಗೇ ಈ ಪಾಠವಾಗಿದೆ: ನಕ್ಷೆಯನ್ನು ನಕಲು ಮಾಡುವಾಗ ಒಂದು ದೋಷಸಂದೇಶವೂ ಬರಲಿಲ್ಲ, ಸಾಧನದ ತೆರೆಯ ಮೇಲೆ ಮಾತ್ರ ಅರ್ಧ ಊರುಗಳು ಮಾಯವಾಗಿದ್ದವು.

ಪರೀಕ್ಷಿಸುವ ಬಗೆ ಸರಳ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಆ್ಯಪಲ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಖಾಲಿ ಕಾರ್ಡನ್ನು ಗೊತ್ತಾದ ಮಾಹಿತಿಯಿಂದ ತುದಿಯವರೆಗೆ ತುಂಬಿ, ಬಳಿಕ ಅದನ್ನೇ ಓದಿ, ಬರೆದದ್ದೂ ಓದಿದ್ದೂ ಹೊಂದುತ್ತವೆಯೇ ಎಂದು ತಾಳೆ ನೋಡುತ್ತವೆ. ದೊಡ್ಡ ಕಾರ್ಡಿಗೆ ಇದು ಗಂಟೆಗಟ್ಟಲೆ ಹಿಡಿಯಬಹುದು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಫಲಿತಾಂಶ ಸಿಗುತ್ತದೆ. ಒಂದೇ ಒಂದು ದೋಷ ಬಂದರೂ ಆ ಕಾರ್ಡನ್ನು ಚಾರಣಕ್ಕೆ ಒಯ್ಯಬಾರದು.

ನಕ್ಷೆಯ ಕಡತಕ್ಕೆ ಇರುವ ಎರಡು ಮಿತಿಗಳು

ಕಾರ್ಡಿನ ಬೇರಿನಲ್ಲಿ, ಅಂದರೆ ಬೇರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ, ಗಾರ್ಮಿನ್ ಎಂಬ ಹೆಸರಿನ ಫೋಲ್ಡರ್ ಮಾಡಿ, ಐಎಂಜಿ ಎಂಬ ಬಾಲದ ನಕ್ಷೆಯ ಕಡತವನ್ನು ಅದರೊಳಗೆ ಇಡಬೇಕು. ಹಳೆಯ ಸಾಧನಗಳು ಜಿ-ಮ್ಯಾಪ್-ಸಪ್ ಎಂಬ ಒಂದೇ ಹೆಸರನ್ನು, ಕೊನೆಯಲ್ಲಿ ಎರಡು ಪಿ ಇರುವಂತೆ, ಗುರುತಿಸುತ್ತವೆ. ಆದ್ದರಿಂದ ಅವುಗಳಲ್ಲಿ ಒಂದು ಸಲಕ್ಕೆ ಒಂದೇ ಕಡತ ಸಾಧ್ಯ. ಹೊಸ ಮಾದರಿಗಳಲ್ಲಿ ಬೇರೆ ಬೇರೆ ಹೆಸರಿನ ಹಲವು ಕಡತಗಳನ್ನು ಒಟ್ಟಿಗೆ ಇಟ್ಟು, ಬೇಕಾದುದನ್ನು ಸಾಧನದಲ್ಲೇ ಆರಿಸಿಕೊಳ್ಳಬಹುದು.

ಮೊದಲ ಮಿತಿ ಫ್ಯಾಟ್32ರದು: ಯಾವುದೇ ಒಂದು ಕಡತ 4 ಜಿಬಿಯನ್ನು, ಕಂಪ್ಯೂಟರಿನ ದೊಡ್ಡ ಅಳತೆಯಲ್ಲಿ, ಮುಟ್ಟುವಂತಿಲ್ಲ, ಒಂದು ಬೈಟ್ ಕಡಿಮೆಯೇ ಇರಬೇಕು. ಕಾರ್ಡಿನಲ್ಲಿ 20 ಜಿಬಿ ಖಾಲಿ ಬಿದ್ದಿದ್ದರೂ 5 ಜಿಬಿಯ ಒಂದು ನಕ್ಷೆಗೆ ಅಲ್ಲಿ ಜಾಗವಿಲ್ಲ. ನಕಲು ಮಾಡುವಾಗ ಕಡತ ತೀರಾ ದೊಡ್ಡದೆಂಬ ಸಂದೇಶ ಬಂದರೆ ಕಾರಣ ಇದೆಂದು ತಿಳಿದು, ನಕ್ಷೆಯನ್ನು ಎರಡು ಪ್ರದೇಶಗಳಾಗಿ ಒಡೆಯಬೇಕು.

ಎರಡನೆಯ ಮಿತಿ ಕಣ್ಣಿಗೆ ಕಾಣದ್ದು. ಈ ನಕ್ಷೆಗಳು ಒಳಗೆ ಸಣ್ಣ ಸಣ್ಣ ಖಂಡಗಳಾಗಿ ಹೊಲಿದುಕೊಂಡಿರುತ್ತವೆ, ಮತ್ತು ಸಾಧನ ಇಂತಿಷ್ಟೇ ಖಂಡಗಳನ್ನು ಎಣಿಸಬಲ್ಲದು. 2006ರ ಜಿಪಿಎಸ್‌ಮ್ಯಾಪ್ 60ಸಿಎಸ್ಎಕ್ಸ್‌ನಲ್ಲಿ ಈ ಸಂಖ್ಯೆ 2025. ಆಮೇಲಿನ ಮಾದರಿಗಳಲ್ಲಿ ಅದನ್ನು ಹೆಚ್ಚಿಸಿದ್ದಾರೆ. ಮಿತಿ ಮೀರಿದಾಗ ಕೆಲವು ಪ್ರದೇಶಗಳು ಸುಮ್ಮನೆ ಖಾಲಿಯಾಗಿ ಕಾಣುತ್ತವೆ, ಕಾರ್ಡಿನಲ್ಲಿ ಜಾಗ ಉಳಿದಿದ್ದರೂ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ಉಚಿತ ನಕ್ಷೆ ಮಾಡಿಕೊಳ್ಳುವವರು ಇಡೀ ದೇಶವನ್ನು ಹೊತ್ತುಕೊಳ್ಳುವ ಬದಲು ಪಶ್ಚಿಮ ಘಟ್ಟಗಳ ತಮಗೆ ಬೇಕಾದ ಭಾಗವನ್ನಷ್ಟೇ ಆರಿಸಿಕೊಂಡರೆ ಈ ತೊಂದರೆಯೂ ಇಲ್ಲ, ಸಾಧನ ಚಾಲೂ ಆಗುವುದೂ ಬೇಗ.

ಸ್ಕ್ಯಾನ್ ಮಾಡಿದ ಸ್ಥಳಾಕೃತಿ ನಕ್ಷೆ: ಕಾರ್ಡಿಗಿಂತ ಮೊದಲು ತುಂಬುವುದು ಹಲಗೆ

ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಅದರ ಮೂಲೆಗಳಿಗೆ ಅಕ್ಷಾಂಶ ರೇಖಾಂಶ ಹೊಂದಿಸಿ, ಕೆಎಂಜೆಡ್ ಕಡತವಾಗಿ ಕಸ್ಟಮ್‌ಮ್ಯಾಪ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಳ್ಳುವ ಸೌಲಭ್ಯ ಇಟ್ರೆಕ್ಸ್ 20ರಂಥ ಸಾಧನಗಳಲ್ಲಿದೆ. ದಕ್ಕುವ ಜಾಗ ಎಂಬ ಮಾತಿನ ಅರ್ಥ ಸ್ಪಷ್ಟವಾಗುವುದು ಇಲ್ಲಿಯೇ. ಇಂಥ ಚಿತ್ರಗಳನ್ನು ಸಾಧನ 1024 ಚುಕ್ಕಿ ಅಗಲ, 1024 ಚುಕ್ಕಿ ಎತ್ತರದ ಹಲಗೆಗಳಾಗಿ ನೋಡುತ್ತದೆ. ಹೆಚ್ಚಿನ ಹಳೆಯ ಮಾದರಿಗಳು ಒಟ್ಟು 100 ಹಲಗೆಗಳನ್ನು ಮಾತ್ರ ತೋರಿಸಬಲ್ಲವು. ಮೊಂಟಾನಾ, ಓರೆಗಾನ್ 600, ಜಿಪಿಎಸ್‌ಮ್ಯಾಪ್ 64 ಸರಣಿಗಳಲ್ಲಿ ಈ ಮಿತಿ 500.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಅದು 15 ಮಿನಿಟು ಅಕ್ಷಾಂಶ, 15 ಮಿನಿಟು ರೇಖಾಂಶದ ಚೌಕ. ಕುದುರೆಮುಖ, ಕುಮಾರಪರ್ವತಗಳ ಆಸುಪಾಸಿನಲ್ಲಿ, ಅಂದರೆ 13 ಡಿಗ್ರಿ ಅಕ್ಷಾಂಶದ ಹತ್ತಿರ, ಇದು ಉತ್ತರ ದಕ್ಷಿಣವಾಗಿ ಸುಮಾರು 27.7 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 27.1 ಕಿಲೋಮೀಟರ್, ಕಾಗದದ ಮೇಲೆ 55 ಸೆಂಟಿಮೀಟರಿಗೆ 54 ಸೆಂಟಿಮೀಟರ್. ಇದನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಒಂದು ಬದಿಗೆ ಸುಮಾರು 6,500 ಚುಕ್ಕಿ, ಇನ್ನೊಂದಕ್ಕೆ ಸುಮಾರು 6,400 ಚುಕ್ಕಿ ಆಗುತ್ತದೆ. 1024ರಿಂದ ಭಾಗಿಸಿದಾಗ ಎರಡೂ ಬದಿಗೆ ಆರು ಚಿಲ್ಲರೆ; ಚಿಲ್ಲರೆಗೂ ಒಂದು ಪೂರ್ತಿ ಹಲಗೆ ಬೇಕಾದುದರಿಂದ ಏಳೇಳು, ಒಟ್ಟು 49 ಹಲಗೆ. ಅಂದರೆ 100ರ ಮಿತಿಯ ಸಾಧನದಲ್ಲಿ ಎರಡು ಹಾಳೆಗಳಿಗೆ 98 ಹಲಗೆ ಮುಗಿದು, ಮೂರನೆಯ ಹಾಳೆಗೆ ಬಾಗಿಲು ಮುಚ್ಚುತ್ತದೆ. ಹಲಗೆಯೊಂದು ಅರ್ಧ ಎಂಬಿ ಇದ್ದರೂ ಅಷ್ಟೂ ಸೇರಿ 49 ಎಂಬಿ. 32 ಜಿಬಿಯ ಕಾರ್ಡ್ ಬಹುತೇಕ ಖಾಲಿಯೇ ಉಳಿದಿರುತ್ತದೆ.

ಇನ್ನೂ ಸ್ಪಷ್ಟವಾಗಿರಲಿ ಎಂದು 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಬದಿಗೆ 13ರಂತೆ 169 ಹಲಗೆ ಬೇಕಾಗಿ, ಒಂದೇ ಹಾಳೆಯೂ ಪೂರ್ತಿ ಕಾಣುವುದಿಲ್ಲ. ಬದಲಿಗೆ 200 ಚುಕ್ಕಿಗೆ ಇಳಿಸಿದರೆ ಬದಿಗೆ ಐದರಂತೆ 25 ಹಲಗೆಯಾಗಿ ನಾಲ್ಕು ಹಾಳೆಗಳು ಸರಿಯಾಗಿ 100ರಲ್ಲಿ ಕೂರುತ್ತವೆ; ಸಮೋನ್ನತಿ ರೇಖೆಗಳನ್ನು ಓದಲು ಸಾಧನದ ಸಣ್ಣ ತೆರೆಯಲ್ಲಿ ಅದು ನನಗೆ ಸಾಕೆನಿಸಿದೆ. ಸ್ಕ್ಯಾನ್ ಮಾಡಿದ ಬಳಿಕ ಅಂಚಿನ ಬಿಳಿಯನ್ನೂ, ಕೆಳಗಿನ ಸಂಕೇತಗಳ ಪಟ್ಟಿಯನ್ನೂ, ನಡೆಯಲು ಉದ್ದೇಶವಿಲ್ಲದ ಭಾಗವನ್ನೂ ಕತ್ತರಿಸಿ ಹಾಕುವುದು ಹಲಗೆ ಉಳಿಸುವ ಅತ್ಯಂತ ಅಗ್ಗದ ಉಪಾಯ. ಏಳನೆಯ ಹಲಗೆಯಲ್ಲಿ ಕಾಲುಭಾಗವಷ್ಟೇ ತುಂಬಿದ್ದರೆ, ಚಿತ್ರವನ್ನು ತುಸು ಕುಗ್ಗಿಸಿ 6,144 ಚುಕ್ಕಿಗೆ ತಂದರೆ ಬದಿಗೆ ಆರರಂತೆ 36ರಲ್ಲಿ ಮುಗಿಯುತ್ತದೆ. ಒಂದೇ ಹಾಳೆಯಲ್ಲಿ 13 ಹಲಗೆಗಳ ಉಳಿತಾಯ.

ಜಾಡುಗಳು ಮತ್ತು ಬಿಂದುಗಳು

ನಡೆದ ದಾರಿಯ ಜಾಡಿಗೆ ಕಾರ್ಡಿನ ಗಾತ್ರ ಇನ್ನೂ ಕಡಿಮೆ ಮುಖ್ಯ. ಇಟ್ರೆಕ್ಸ್ 20ರಲ್ಲಿ ಗುರುತಿಸಿಡಬಹುದಾದ ವೇಪಾಯಿಂಟುಗಳು 2,000, ಮಾರ್ಗಗಳು 200, ಉಳಿಸಿದ ಜಾಡುಗಳು 200, ನಡೆಯುತ್ತಿರುವ ಜಾಡಿನಲ್ಲಿ ಬಿಂದುಗಳು 10,000. ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಈ ಸಂಖ್ಯೆಗಳು ಒಂದಿಷ್ಟೂ ಏರುವುದಿಲ್ಲ. ಎತ್ತರ, ಸಮಯಗಳೊಂದಿಗೆ ಬರೆದ ಒಂದು ಬಿಂದು ಜಿಪಿಎಕ್ಸ್ ಕಡತದಲ್ಲಿ ಸುಮಾರು 110 ಬೈಟ್ ಹಿಡಿಯುತ್ತದೆಂದು ಇಟ್ಟುಕೊಂಡರೆ 10,000 ಬಿಂದುಗಳ ಪೂರ್ಣ ಜಾಡು 1.1 ಎಂಬಿ ಮಾತ್ರ.

ಸೆಕೆಂಡಿಗೊಂದು ಬಿಂದುವಿನಂತೆ ದಾಖಲಿಸಿದರೆ 10,000 ಬಿಂದುಗಳು ಮೂರು ಗಂಟೆಯೊಳಗೆ ಮುಗಿದುಹೋಗುತ್ತವೆ ಎಂಬುದು ಜಾಗಕ್ಕಿಂತ ದೊಡ್ಡ ವಿಷಯ. ಬೆಳಿಗ್ಗೆ ಏಳಕ್ಕೆ ಹೊರಟವರ ಜಾಡಿನ ಆರಂಭ, ಹಳೆಯ ಬಿಂದುಗಳ ಮೇಲೆಯೇ ಬರೆಯುವಂತೆ ಹೊಂದಿಸಿದ್ದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅಳಿಸಿಹೋಗಿರುತ್ತದೆ. ಮರಳುವ ದಾರಿಗೆ ಬೇಕಾಗುವುದು ಆ ಆರಂಭವೇ. ದಾಖಲೆಯ ವಿಧಾನವನ್ನು ಆಟೋ ಎಂದಿಟ್ಟರೆ ತಿರುವುಗಳಲ್ಲಿ ಹೆಚ್ಚು, ನೇರ ದಾರಿಯಲ್ಲಿ ಕಡಿಮೆ ಬಿಂದುಗಳನ್ನು ಸಾಧನವೇ ಹಾಕಿಕೊಳ್ಳುತ್ತದೆ. ಜೊತೆಗೆ ಸ್ವಯಂ ಸಂಗ್ರಹವನ್ನು ದಿನಕ್ಕೊಮ್ಮೆ ಎಂದು ಹೊಂದಿಸಿಕೊಳ್ಳಬೇಕು.

ಹಳೆಯ 60ಸಿಎಸ್ಎಕ್ಸ್ ಈ ಒಂದು ವಿಷಯದಲ್ಲಿ ಉದಾರಿ. ಜಾಡನ್ನು ನೇರವಾಗಿ ಕಾರ್ಡಿಗೇ ಬರೆಯುವ ಆಯ್ಕೆ ಅದರಲ್ಲಿದ್ದು, ದಿನಕ್ಕೊಂದು ಕಡತವಾಗಿ ಕಾರ್ಡ್ ತುಂಬುವವರೆಗೂ ಅದು ಬರೆಯುತ್ತಲೇ ಇರುತ್ತದೆ. ಆ ಸಾಧನದ ಜೊತೆಗೆ ಬರುತ್ತಿದ್ದ 64 ಎಂಬಿಯ ಪುಟ್ಟ ಕಾರ್ಡ್ ಕೂಡ ಹಗಲು ರಾತ್ರಿ ಸೆಕೆಂಡಿಗೊಂದು ಬಿಂದುವಿನಂತೆ ಬರೆದರೆ ಆರು ದಿನಗಳಿಗೂ ಮಿಕ್ಕಿ ಸಾಕಾಗುತ್ತದೆ: ದಿನಕ್ಕೆ 86,400 ಬಿಂದು, ಸುಮಾರು 9.5 ಎಂಬಿ. ಹೀಗೆ ಬರೆದ ಜಾಡನ್ನು ಸಾಧನದಲ್ಲಿ ನೋಡಲಾಗುವುದಿಲ್ಲ, ಕಂಪ್ಯೂಟರಿನಲ್ಲಿಯೇ ತೆರೆಯಬೇಕು.

ಅಳಿಸಿದರೂ ಜಾಗ ಬಿಡದ ಕಾರ್ಡ್

ಕಡತಗಳನ್ನು ಅಳಿಸಿದ ಮೇಲೂ ಖಾಲಿ ಜಾಗ ಹೆಚ್ಚದಿದ್ದರೆ ಸಾಮಾನ್ಯವಾಗಿ ಅಪರಾಧಿ ಆ್ಯಪಲ್ ಕಂಪ್ಯೂಟರಿನ ಕಸದ ಬುಟ್ಟಿ. ಅಲ್ಲಿ ಅಳಿಸಿದ ಕಡತ ಕಾರ್ಡಿನಲ್ಲೇ ಒಂದು ಅಡಗಿದ ಫೋಲ್ಡರಿಗೆ ಸರಿದುಕೊಂಡಿರುತ್ತದೆ. ಕಾರ್ಡ್ ಇನ್ನೂ ಜೋಡಣೆಯಾಗಿರುವಾಗಲೇ ಬುಟ್ಟಿಯನ್ನು ಖಾಲಿ ಮಾಡಬೇಕು. ವಿಂಡೋಸ್‌ನಲ್ಲಿ ಫೌಂಡ್ ಎಂದು ಆರಂಭವಾಗುವ ಹೆಸರಿನ ಫೋಲ್ಡರ್ ಕಂಡರೆ, ಹಿಂದೊಮ್ಮೆ ಕಾರ್ಡನ್ನು ಸರಿಯಾಗಿ ಬೇರ್ಪಡಿಸದೆ ಕಿತ್ತದ್ದರ ಗುರುತೆಂದು ತಿಳಿಯಬಹುದು. ಅದರೊಳಗಿನ ಚೂರುಗಳು ಬೇಡವಾದರೆ ಅಳಿಸಿ, ಮುಖ್ಯವಾದುದನ್ನು ಬೇರೆಡೆ ಉಳಿಸಿಕೊಂಡು, ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡುವುದು ಕ್ಷೇಮ. ಸಾಧನವನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿದಾಗ ಒಳಸಂಗ್ರಹ ಮತ್ತು ಕಾರ್ಡ್ ಎರಡು ಬೇರೆ ಡ್ರೈವುಗಳಾಗಿ ಕಾಣುತ್ತವೆ. ಎರಡರಲ್ಲೂ ಗಾರ್ಮಿನ್ ಎಂಬ ಫೋಲ್ಡರೇ ಇರುವುದರಿಂದ ತಪ್ಪು ಡ್ರೈವಿನಲ್ಲಿ ಅಳಿಸದಂತೆ, ಕಾರ್ಡಿಗೆ ಮೊದಲೇ ಬೇರೆ ಹೆಸರಿಟ್ಟುಕೊಂಡಿರಬೇಕು.

ಹೊರಡುವ ಎರಡು ದಿನ ಮೊದಲು ಸಾಧನವನ್ನು ಬಂದ್ ಮಾಡಿ, ಕಾರ್ಡನ್ನು ಕೂರಿಸಿ, ಸೆಲ್ ಹಾಕಿ ಚಾಲೂ ಮಾಡಿ. ನಕ್ಷೆಯ ಆಯ್ಕೆಪಟ್ಟಿಯಲ್ಲಿ ಬೇಕಾದ ನಕ್ಷೆಯನ್ನಷ್ಟೇ ಸಕ್ರಿಯವಾಗಿಟ್ಟು ಉಳಿದವನ್ನು ಮುಚ್ಚಿ. ಆಮೇಲೆ ಮನೆಯಲ್ಲೇ ಕುಳಿತು ತೆರೆಯ ಬಾಣವನ್ನು ಹೋಗಲಿರುವ ಬೆಟ್ಟದ ಬುಡದಿಂದ ತುದಿಯವರೆಗೆ ಸರಿಸಿಕೊಂಡು ಹೋಗಿ, ಹತ್ತಿರದ ನೋಟದಲ್ಲಿಯೂ ದೂರದ ನೋಟದಲ್ಲಿಯೂ ಎಲ್ಲಿಯೂ ಖಾಲಿ ಚೌಕ ಕಾಣದಿರುವುದನ್ನು ಖಚಿತಪಡಿಸಿಕೊಳ್ಳಿ. ಇದೇ ಕಡತಗಳ ಇನ್ನೊಂದು ಪ್ರತಿಯನ್ನು 4 ಜಿಬಿಯ ಹಳೆಯ ಕಾರ್ಡೊಂದಕ್ಕೆ ಹಾಕಿ, ನೀರು ತಾಗದ ಡಬ್ಬಿಯಲ್ಲಿ ಬದಲಿ ಸೆಲ್ಲುಗಳ ಜೊತೆ ಇಟ್ಟುಕೊಳ್ಳಿ.